ಮಾರ್ಚಲ್ಲಿ ನೋಡಿದ ಮಣ್ಣು, ಜುಲೈಲಿ ಇಳಿಸಿದ ಪೈಲ್

ಮಂಗಳೂರಲ್ಲಿ 14 ಮಹಡಿ ಬಿಲ್ಡಿಂಗ್ ಒಂದಕ್ಕೆ ಪೈಲ್ (ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ) ಡಿಸೈನ್ ಮಾಡಿದ್ದು ನಾನು, ಅದೂ ಬೆಂಗಳೂರಲ್ಲಿ ಕೂತ್ಕೊಂಡು. ಅಲ್ಲಿ ಮೇಲೆ ನಾಲ್ಕೈದು ಮೀಟರ್ ಮುರಕಲ್ಲು, ಅದು ಗಟ್ಟಿ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಪಿಕಾಸಿಗೂ ಜಗ್ಗಲ್ಲ, ನೀರು ಕುಡೀತೋ ಮೆತ್ತಗಾಗಿ ಮುಗೀತು ಕಥೆ. ಬೋರ್‌ಹೋಲ್ ತೆಗೆದು ಮಣ್ಣು ನೋಡಿದ್ದು ಮಾರ್ಚಲ್ಲಿ. ಶೇಡಿಯಲ್ಲಿ ಎನ್ ವ್ಯಾಲ್ಯೂ (ಸುತ್ತಿಗೆ ಏಟಿನ ಲೆಕ್ಕದಲ್ಲಿ ಮಣ್ಣಿನ ಗಟ್ಟಿತನ) 40ರ ಮೇಲಿತ್ತು, 18 ಮೀಟರಿಗೆ ಬಂಡೆ ಅಂತ ರಿಪೋರ್ಟು, ನಾನು ಖುಷಿಯಾಗಿ ಸ್ಕಿನ್ ಫ್ರಿಕ್ಷನ್ನೂ, ಅಂದ್ರೆ ಸುತ್ತಲ ಮಣ್ಣು ಪೈಲನ್ನ ಹಿಡಿದು ಹೊರೋ ಭಾರವನ್ನೂ, ಧಾರಾಳವಾಗಿ ಸೇರಿಸ್ಕೊಂಡು 1 ಮೀಟರ್ ಡಯಾ ಪೈಲಿಗೆ 250 ಟನ್ ಹೊರುತ್ತೆ ಅಂತ ಬರೆದುಬಿಟ್ಟೆ.

ಪೈಲಿಂಗ್ ಶುರುವಾಗಿದ್ದು ಜುಲೈಲಿ. ಹೇಳೋದೇ ಬೇಡ, ಮಳೆ.

ಮೂರನೇ ಪೈಲ್ ದಿನ ನಾನು ಸೈಟಲ್ಲೇ ಇದ್ದೆ. ಮಧ್ಯಾಹ್ನ ಗುಂಡಿ ಕೊರೆಯೋ ಚಿಸೆಲ್ ಟಣ್ ಅಂತ ಶಬ್ದ ಮಾಡ್ತು, ವಿಂಚ್ ಹುಡುಗ "ಸಾರ್, ಕಲ್ಲು ಬಂತು" ಅಂದ, ಆಳ 18 ಮೀಟರ್, ಎಲ್ಲಾ ನನ್ನ ಡ್ರಾಯಿಂಗ್ ಪ್ರಕಾರವೇ. ಆದ್ರೂ ಗುಂಡಿ ಕುಸಿಯದ ಹಾಗೆ ತುಂಬಿಸೋ ಬೆಂಟೋನೈಟ್ ಕೆಸರಿನ ಜೊತೆ ಮೇಲೆ ಬರೋ ಚೂರನ್ನ ಜರಡಿಯಲ್ಲಿ ಹಿಡಿದು ಪ್ಲಾಸ್ಟಿಕ್ ಮಗ್ಗಲ್ಲಿ ತೊಳೆದು ನೋಡಿದೆ. ಮೂರು ನಾಲ್ಕು ಬೆಣಚುಕಲ್ಲಿನ ಚೂರು ಗಟ್ಟಿ ಇತ್ತು ನಿಜ, ಉಳಿದಿದ್ದನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಗಂಧ ತೇಯ್ದ ಹಾಗೆ ನುಣ್ಣಗೆ ಅಂಗೈಗೆ ಮೆತ್ಕೊಂತು. ಬಂಡೆ ಅಲ್ಲ, ಶೇಡಿ ಮಧ್ಯೆ ಸಿಕ್ಕ ಬೆಣಚಿನ ಪಟ್ಟಿ ಅಷ್ಟೇ.

ಇನ್ನೂ ಇಳಿಸಿ ಅಂದೆ. ಕಂಟ್ರಾಕ್ಟರ್ ಮುಖ ಸಪ್ಪಗಾಯ್ತು, ತಪ್ಪಿಲ್ಲ ಬಿಡಿ, ಕಂಬಿ ಕೇಜ್ 18 ಮೀಟರಿಗೆ ಕಟ್ಟಿ ಮಲಗಿಸಿಯಾಗಿತ್ತು. ಅರ್ಧ ಮೀಟರ್ ಆದ್ಮೇಲೆ ಚಿಸೆಲ್ ಸದ್ದೇ ಇಲ್ಲದೆ ಇಳೀತಾ ಹೋಯ್ತು, ಆಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. 21 ಮೀಟರಿಗೆ ನಿಜವಾದ ಬಂಡೆ ಸಿಕ್ತು, ಕಪ್ಪು ಬಿಳಿ ಚೂರು, ಉಗುರಿಗೆ ಬಗ್ಗಲ್ಲ. ಒಂದು ಮೀಟರ್ ಸಾಕೆಟ್ (ಬಂಡೆಯೊಳಗೆ ಕೂರೋ ಭಾಗ) ಸೇರಿ 22. ಟಾರ್ಪಾಲ್ ಹಿಡ್ಕೊಂಡು ಕೇಜಿಗೆ ತುಂಡು ಸೇರಿಸೋ ಹೊತ್ತಿಗೆ ರಾತ್ರಿ ಎಂಟು.

ಕಾಂಕ್ರೀಟ್ ಲೆಕ್ಕಕ್ಕೆ 17 ಕ್ಯೂಬಿಕ್ ಮೀಟರ್ ಚಿಲ್ಲರೆ, ಅಂದ್ರೆ ಆರಾರರ ಮೂರು ಲಾರಿ, ಗುಂಡಿ ಅಗಲವಾಗಿದ್ರೆ ನಾಲ್ಕನೇದೂ ಬೇಕು. ಮೂರನೇ ಲಾರಿ ಗೇಟಿನ ಹತ್ರ ಕೆಸರಲ್ಲಿ ಹೂತ್ಕೊಂತು. ಗುಂಡಿ ತಳಕ್ಕೆ ಕಾಂಕ್ರೀಟ್ ಇಳಿಸೋ ಟ್ರೆಮಿ ಪೈಪಿನ ಬಾಯಿ ಕಾಂಕ್ರೀಟೊಳಗೆ ಕನಿಷ್ಠ ಎರಡು ಮೀಟರ್ ಮುಳುಗಿರಬೇಕು, ಅದು ಆಚೆ ಬಂದ್ರೆ ಬೆಂಟೋನೈಟ್ ನುಗ್ಗಿ ಪೈಲ್ ನಡುವೆ ಮಣ್ಣಿನ ಪದರ, ಹಾಗಾಗಿ ನಲವತ್ತು ನಿಮಿಷ ಪೈಪನ್ನ ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಆಡಿಸ್ತಾ ನಿಂತ್ವಿ, ಜೆಸಿಬಿ ಬಂದು ಲಾರಿ ಎಳೆಯೋವರೆಗೆ.

ಲಾಡ್ಜಿಗೆ ಬಂದು ಒದ್ದೆ ಬಟ್ಟೆಯಲ್ಲೇ ಲ್ಯಾಪ್‌ಟಾಪ್ ತೆಗೆದೆ. ಶೇಡಿಯ ಫ್ರಿಕ್ಷನ್ ಪೂರ್ತಿ ಸೊನ್ನೆ ಮಾಡಿ, ಭಾರವೆಲ್ಲಾ ಬಂಡೆ ಮೇಲೇ ಹಾಕಿ ಮತ್ತೆ ಲೆಕ್ಕ ಮಾಡಿದ್ರೆ ಪೈಲಿಗೆ 200 ಟನ್ ಬಂತು, ಅಂದ್ರೆ ಕೆಲವು ಕಾಲಂ ಕೆಳಗೆ ಮೂರರ ಬದಲು ನಾಲ್ಕು ಪೈಲ್. ಬೆಳಿಗ್ಗೆ ಓನರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸುಮಾರು ಹೊತ್ತು ಮಾತೇ ಬರಲಿಲ್ಲ, ಆಮೇಲೆ "ಮಾರ್ಚಲ್ಲಿ ಗೊತ್ತಿರ್ಲಿಲ್ವಾ ಸಾರ್?" ಅಂದ್ರು.