ಓದ್ಲಾಕೋ, ಮಾರ್ಲಾಕೋ?

“ಓದ್ಲಾಕ ಒಯ್ತೀರೋ, ಮಾರ್ಲಾಕ ಒಯ್ತೀರೋ?”

ಭಾನುವಾರ ಕಲಬುರಗಿ ಜಿಲ್ಲೆಯ ಆಳಂದದ ಕಡೆಯ ಒಂದು ಹಳ್ಳಿಯಲ್ಲಿ, ಎಂಬತ್ತು ದಾಟಿದ ಆಯಿ ಒಬ್ಬರು ನನ್ನನ್ನು ಹೀಗೆ ಕೇಳಿದರು. ಇವತ್ತು ಗುರುವಾರ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಹಳೇ ಮನೆ ಕೆಡವುವುದಿತ್ತು. ಸೋಮವಾರ ಜೆಸಿಬಿ ಬರುತ್ತದೆ ಅಂತ ಎಲ್ಲರಿಗೂ ಅವಸರ. ಅಟ್ಟದಿಂದ ಇಳಿಸಿದ ಎರಡು ಟ್ರಂಕು ಅಂಗಳದ ಫರಸಿ ಮೇಲಿದ್ದವು. ಒಂದು ಆಗಲೇ ಖಾಲಿ. ಅದರಲ್ಲಿದ್ದದ್ದನ್ನೆಲ್ಲ ಊರೂರು ತಿರುಗಿ ರದ್ದಿ ಕೊಳ್ಳುವ ಹುಡುಗನೊಬ್ಬ ಕಿಲೋಗೆ 14 ರೂಪಾಯಿಯಂತೆ ಒಯ್ದಿದ್ದ. ಎರಡನೆಯದನ್ನು ನೋಡಲು ಹೋದವನು ನನ್ನ ಪರಿಚಯದ ರದ್ದಿ ಅಂಗಡಿಯವನು. ತೂಕ ಮಾಡದೆ, ಹಳೇ ಪುಸ್ತಕದ ವ್ಯಾಪಾರ ಮಾಡುವ ನನಗೆ ಫೋನ್ ಮಾಡಿದ. ಅವನು ಓದಿದ್ದು ಮೂರನೇ ಕ್ಲಾಸು. ಆದರೆ ಹಳೇ ಪುಸ್ತಕ ಕಂಡರೆ ಅವನಿಗಿರುವ ಮರ್ಯಾದೆ ಎಷ್ಟೋ ಓದಿದವರಿಗೆ ಇಲ್ಲ.

ಆಯಿಯ ಮೊಮ್ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಕೆಟ್ಟ ಹುಡುಗನಲ್ಲ. ಟ್ರಂಕಿನಲ್ಲಿ ಏನಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮೇಲಿದ್ದದ್ದು ಉರ್ದು ಪುಸ್ತಕಗಳು. ಲಖನೌದ ನವಲ್ ಕಿಶೋರ್ ಪ್ರೆಸ್ಸಿನ ಕಲ್ಲಚ್ಚು. ಉರ್ದುವಿನ ಬಳುಕುವ ಬರಹವನ್ನು ಅಚ್ಚಿನ ಮೊಳೆಯಲ್ಲಿ ಕೂಡಿಸುವುದು ಕಷ್ಟ. ಅದಕ್ಕೇ ಕಾತಿಬರು, ಅಂದರೆ ಅಂದವಾಗಿ ಬರೆಯುವ ಕಸುಬಿನವರು, ಕೈಯಲ್ಲೇ ಬರೆಯುತ್ತಿದ್ದರು, ಅದನ್ನು ಕಲ್ಲಿಗಿಳಿಸಿ ಅಚ್ಚು ಹಾಕುತ್ತಿದ್ದರು. ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಹೊಟ್ಟೆ ಉರಿಯಿತು.

ಕೆಳಗೆ, ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದೇ ಒಂದು ಕನ್ನಡ ಪುಸ್ತಕ. ಫ.ಗು. ಹಳಕಟ್ಟಿಯವರು ಶರಣರ ವಚನಗಳನ್ನು ಕೂಡಿಸಿ ತಂದ ‘ವಚನಶಾಸ್ತ್ರಸಾರ’, ಮೊದಲ ಭಾಗ. 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದದ್ದು, ಮೊದಲ ಮುದ್ರಣ.

ಇಂಥ ಹೊತ್ತಿನಲ್ಲಿ ಕೈ ನಡುಗುತ್ತದೆ. ಆದರೂ ಮೊದಲು ಪುಟ ಎಣಿಸಬೇಕು. ಎಣಿಸಿದೆ. ಎಲ್ಲ ಇದ್ದವು. ಹೊಲಿಗೆ ಸಡಿಲ, ಮುಂದಿನ ರಟ್ಟು ಬಿಟ್ಟಿದೆ, ಅಂಚಿನಲ್ಲಿ ಬೆಳ್ಳಿಹುಳದ ಕೆಲಸ. ಪುಣ್ಯಕ್ಕೆ ಯಾರೂ ಸೆಲೋಟೇಪ್ ಹಚ್ಚಿರಲಿಲ್ಲ. ಹುಳಕ್ಕಿಂತ ಟೇಪಿನ ಹಾವಳಿ ಜಾಸ್ತಿ. ಅದರ ಅಂಟು ಹಳದಿಯಾಗಿ ಕಾಗದದೊಳಗೇ ಇಳಿದುಬಿಡುತ್ತದೆ. ಕಾಗದ ಮಾತ್ರ ಕಂದಾಗಿ ಹಪ್ಪಳದಂತಾಗಿತ್ತು. ಮರದ ತಿರುಳಿನ ಕಾಗದದ ಹಣೆಬರಹವೇ ಅದು, ಒಳಗಿನ ಆಮ್ಲ ಅದನ್ನು ತಿನ್ನುತ್ತದೆ. ನನ್ನ ಹತ್ತಿರ 1850ರ ಸುಮಾರಿಗೆ ಮಂಗಳೂರಿನಲ್ಲಿ ಅಚ್ಚಾದ ಒಂದು ಕಲ್ಲಚ್ಚಿನ ಪುಸ್ತಕವಿದೆ. ಅದು ಚಿಂದಿ ಬಟ್ಟೆಯಿಂದ ಮಾಡಿದ ಕಾಗದ. ಎಪ್ಪತ್ತು ವರ್ಷ ಹಿರಿಯದು, ಇನ್ನೂ ಬೆಳ್ಳಗಿದೆ.

ಹಿಂದಿನ ರಟ್ಟಿನ ಒಳಗೆ ಶಾಯಿಯಲ್ಲಿ ಎರಡು ಸಾಲಿತ್ತು. ಉರ್ದು ಅಕ್ಷರ. ಕೂಡಿಸಿ ಓದುವಷ್ಟು ಉರ್ದು ನನಗೆ ಬರುತ್ತದೆ. ಓದಿದರೆ ಮಾತು ಕನ್ನಡದ್ದು! ‘ಶರಣಬಸವೇಶ್ವರ ಜಾತ್ರ್ಯಾಗ ತಗೊಂಡಿದ್ದು, ಫಸಲಿ 1345.’ ಫಸಲಿ ಅಂದರೆ ನಿಜಾಮರ ಕಾಲದ ವರ್ಷದ ಲೆಕ್ಕ. 1345 ಅಂದರೆ 1935ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ. ಕಲಬುರಗಿಯ ಆ ಜಾತ್ರೆ ಹೋಳಿ ಆದಮೇಲೆ ಬರುತ್ತದಲ್ವಾ, ಹಾಗಾಗಿ 1936.

“ನಮ್ ಮಾವನವರು ಬರದದ್ದು,” ಅಂದರು ಆಯಿ. “ಅವರ ಸಾಲಿ ಎಲ್ಲಾ ಉರ್ದು. ಕನ್ನಡ ಮನ್ಯಾಗೇ ಕುಂತು ಓದ್ಲಾಕ ಕಲ್ತರು. ಬರೀಲಾಕ ಕೈ ತಿರುಗಲಿಲ್ಲ.”

ಆಮೇಲೆ ಕೇಳಿದ್ದು ಆ ಮಾತು. ಓದ್ಲಾಕ ಒಯ್ತೀರೋ, ಮಾರ್ಲಾಕ ಒಯ್ತೀರೋ?

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮಾರ್ಲಾಕ, ಆಯಿ,” ಅಂದೆ. ಅವರು ಸಿಟ್ಟಾಗಲಿಲ್ಲ. “ಹಂಗಾದ್ರ ಒಂದ್ ಓದ್ರಿ. ಕೇಳಿ ಕೊಡ್ತೀನಿ,” ಅಂದರು. ಅಲ್ಲೇ ಕಟ್ಟೆಯ ಮೇಲೆ ಕೂತು ಸಿಕ್ಕ ಪುಟದ ವಚನ ಓದಿದೆ. ಎರಡನೇ ಸಾಲಿಗೇ ಅವರ ತುಟಿ ನನಗಿಂತ ಮುಂದೆ ಹೋಗುತ್ತಿತ್ತು. ಅವರಿಗೆ ಅಕ್ಷರ ಬರುವುದಿಲ್ಲ. ಮಾವ ದಿನಾ ಸಂಜೆ ಓದುತ್ತಿದ್ದದ್ದು ಕೇಳಿ ಕೇಳಿ ಬಾಯಿಪಾಠ. ಮೊಮ್ಮಗ ಫೋನು ಜೇಬಿಗಿಟ್ಟು ಬಂದು ಪಕ್ಕದಲ್ಲಿ ಕೂತ.

ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ವಚನಗಳ ತಾಳೆಗರಿ ಹುಡುಕಿ ಊರೂರು ತಿರುಗಿದರು. ಮನೆ ಮಾರಿ 1925ರಲ್ಲಿ ಸ್ವಂತ ಪ್ರೆಸ್ ಹಾಕಿದರು. ಅವರು ಅಚ್ಚು ಹಾಕಿಸಿದ್ದು ಯಾರಿಗಾಗಿ ಅಂತ ನನಗೆ ಆ ಕಟ್ಟೆಯ ಮೇಲೆ ಕಂಡಿತು. ಉರ್ದು ಸಾಲಿಯಲ್ಲಿ ಕಲಿತ ಒಬ್ಬ ರೈತ. ಕೇಳುತ್ತ ರೊಟ್ಟಿ ಬಡಿಯುವ ಅವನ ಸೊಸೆ.

ಮಂಗಳವಾರ ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿದರು. ಫೋಟೋ ಕಳಿಸಿದ್ದೆ. ಒಳ್ಳೇ ರೇಟು ಹೇಳಿದರು. ಕೊನೆಗೆ ಕೇಳಿದರು: “ಹಿಂದಿನ ಆ ಬರಹ ಅಳಿಸಿ ಕೊಡೋಕಾಗುತ್ತಾ? ಕ್ಲೀನ್ ಕಾಪಿ ಬೇಕಿತ್ತು.” ಕೊಡುವುದಿಲ್ಲ ಅಂದೆ. ಅಳಿಸಿಯೂ ಕೊಡುವುದಿಲ್ಲ, ಹಾಗೇ ಕೊಡಿ ಅಂದರೂ ಕೊಡುವುದಿಲ್ಲ. ಇದೇ ವ್ಯಾಪಾರದಲ್ಲಿ ಹದಿನೆಂಟು ವರ್ಷ ಕಳೆದೆ. ವಿವರದ ಚೀಟಿಯಲ್ಲಿ ‘ಕೈಬರಹವಿದೆ’ ಅಂತ ದೋಷದ ಸಾಲಿಗೇ ಸೇರಿಸುತ್ತಿದ್ದೆ, ಅದಕ್ಕೆ ರೇಟೂ ಇಳಿಸುತ್ತಿದ್ದೆ. ಎಷ್ಟು ಮನೆಯವರ ಇಂಥ ಸಾಲುಗಳು ನನ್ನ ಕೈಯಿಂದ ಹಾಗೆ ದಾಟಿ ಹೋದವೋ. ನೆನೆದರೆ ಸಂಕಟವಾಗುತ್ತದೆ.

ಆ ಮೊದಲ ಟ್ರಂಕಿನಲ್ಲಿ ಏನಿತ್ತು ಅಂತ ಆಯಿಗೆ ನೆನಪಿಲ್ಲ. “ಇಂಥವೇ ಇದ್ದವು,” ಅಂದಿದ್ದರು. ರದ್ದಿ ಹುಡುಗ ಅವನ್ನು ಇಳಿಸಿದ ಗೋದಾಮು ಇವತ್ತು ಮಧ್ಯಾಹ್ನ ಪತ್ತೆಯಾಯಿತು. ಚೀಲಗಳು ಇನ್ನೂ ಅಲ್ಲೇ ಇವೆಯಂತೆ. ಶನಿವಾರ ಲಾರಿಗೆ ಹಾಕುತ್ತಾರೆ. ನಾಳೆ ಅವರು ಬಾಗಿಲು ತೆಗೆಯುವ ಮೊದಲೇ ನಾನು ಅಲ್ಲಿರಬೇಕು.