ಸಿನಿಮಾನ ಸಿನಿಮಾ ಥರ ನೋಡೋಕೆ ಆಗಲ್ವಾ?

ಸಿನಿಮಾ ಮುಗಿಸಿ ಹೊರಗೆ ಬಂದರೆ ಸಾಕು, ನನ್ನ ಭಾವ ಕೇಳುತ್ತಾನೆ: "ಎಂತ ಮಾರಾಯ, ಸಿನಿಮಾನ ಸಿನಿಮಾ ಹಾಂಗೆ ನೋಡಲೆ ಬತ್ತಿಲ್ಯ ನಿಂಗೆ?" ಶಿರಸಿಯಲ್ಲಿ ನನ್ನ ಜೊತೆ ಸಿನಿಮಾಕ್ಕೆ ಬಂದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿದ್ದಾರೆ. ಖಳನಾಯಕ ಯಾಕೆ ಕಪ್ಪು, ನಾಯಕಿ ಯಾಕೆ ಅಷ್ಟು ಬಿಳಿ, ಕತೆಯಲ್ಲಿ ಅವಳಿಗೆ ಏನು ಕೆಲಸ ಅಂತ ಮನೆ ಮುಟ್ಟುವವರೆಗೆ ಗೊಣಗುವುದು ನನ್ನ ಚಾಳಿ. ಭಾವ ಈ ಬರಹ ಓದುವುದಿಲ್ಲ. ಆದರೂ ಉತ್ತರ ಬರೆದಿಡುತ್ತೇನೆ.

ನಾನಾಗ ಆರನೇ ಕ್ಲಾಸು. ಯಲ್ಲಾಪುರ ಕಡೆಯ ಒಂದು ಶಾಲೆ. ಗ್ಯಾದರಿಂಗ್‌ಗೆ ರಾಮಾಯಣದ ನಾಟಕ. ನನ್ನ ಪಕ್ಕ ಕೂರುತ್ತಿದ್ದ ಸಿದ್ದಿ ಹುಡುಗನಿಗೆ ರಾಕ್ಷಸನ ಪಾರ್ಟು. "ಇವಂಗೆ ಬಣ್ಣದ ಖರ್ಚಿಲ್ಲ" ಅಂದರು ಮಾಸ್ತರು. ಎಲ್ಲರೂ ನಕ್ಕೆವು. ಅವನೂ ನಕ್ಕ. ನಾನೂ ಏನು ಬೆಳ್ಳಗಿರಲಿಲ್ಲ. ಮುಖದ ತುಂಬ ಗುಲಾಬಿ ಪೌಡರ್ ಬಳಿಸಿಕೊಂಡು ಲಕ್ಷ್ಮಣ ಆದೆ. ಆ ಖರ್ಚನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಸಿದ್ದಿಗಳ ಹಿರಿಯರು ಆಫ್ರಿಕಾದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡು ಸೇರಿದರು. ಕೊಂಕಣಿ, ಕನ್ನಡ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನಮ್ಮ ಮಾಸ್ತರ ಕಣ್ಣಿಗೆ ಮಾತ್ರ ಲಂಕೆಯವರು.

ಮಾಸ್ತರ ಈ ಲೆಕ್ಕಾಚಾರ ಹಾಲಿವುಡ್‌ನಲ್ಲೂ ಇತ್ತು ಅಂತ ಆಮೇಲೆ ಓದಿದೆ. 1937ರ 'ದಿ ಗುಡ್ ಅರ್ಥ್' ಚೀನಾದ ರೈತ ದಂಪತಿಯ ಕತೆ. ಗಂಡನ ಪಾತ್ರ, ಹೆಂಡತಿಯ ಪಾತ್ರ ಎರಡೂ ಬಿಳಿಯರಿಗೇ ಹೋದವು. ಹೆಂಡತಿಯ ಪಾತ್ರಕ್ಕೆ ಆಸೆಪಟ್ಟಿದ್ದ ಚೀನೀ ಮೂಲದ ನಟಿ ಆನಾ ಮೇ ವಾಂಗ್‌ಗೆ ಸಂಸಾರ ಕೆಡಿಸುವ ಎರಡನೇ ಹೆಂಗಸಿನ ಪಾತ್ರ ತೋರಿಸಿದರು. ಆಕೆ ಒಲ್ಲೆ ಅಂದಳು. ಮೇಕಪ್ ಬಳಿದುಕೊಂಡು ಚೀನೀ ಹೆಂಡತಿಯಾದ ಲೂಯಿಸ್ ರೈನರ್‌ಗೆ ಆಸ್ಕರ್ ಬಂತು.

ಬಾಂಡ್ ಸರಣಿಯ ಮೊದಲ ಚಿತ್ರ 'ಡಾಕ್ಟರ್ ನೋ', 1962ರದ್ದು. ಅದರ ಖಳ ಅರ್ಧ ಚೀನೀ. ಆ ಪಾತ್ರ ಮಾಡಿದವನು ಕೆನಡಾದ ಜೋಸೆಫ್ ವೈಸ್‌ಮನ್, ಕಣ್ಣಿಗೆ ಮೇಕಪ್ ಹಾಕಿಕೊಂಡು. ಸಮುದ್ರದಿಂದ ಎದ್ದು ಬರುವ ಉರ್ಸುಲಾ ಆಂಡ್ರೆಸ್ ಎಲ್ಲರಿಗೂ ನೆನಪಿದ್ದಾಳೆ, ಅಲ್ವಾ? ಅವಳ ಮಾತು ಮಾತ್ರ ನಿಕ್ಕಿ ವಾನ್ ಡರ್ ಜೈಲ್ ಎಂಬಾಕೆಯದು. ಖಳನ ಮುಖ ಬಳಿದದ್ದು, ನಾಯಕಿಯ ದನಿ ಎರವಲು. ಎರಡೂ ಸ್ವಂತದ್ದು ಇರುವುದು ನಾಯಕನಿಗೆ.

ನಮ್ಮಲ್ಲೂ ಮುಂಬೈಯಿಂದ ಬಂದ ನಾಯಕಿಗೆ ಬೇರೆಯವರು ದನಿ ಕೊಡುವುದು ಮಾಮೂಲು. ಭಾಷೆ ಬಾರದಿದ್ದರೆ ಡಬ್ ಮಾಡಬೇಕಪ್ಪ, ತಪ್ಪೇನಿಲ್ಲ. ನನ್ನ ತಕರಾರು ಆ ದನಿಗೆ ಬರೆದುಕೊಟ್ಟ ಮಾತಿನ ಮೇಲೆ. "ಏಯ್ ಬಿಡು" ಅನ್ನುತ್ತಾ ಶುರುಮಾಡಿ, ಹಿಂದೆ ಬಿದ್ದವನನ್ನೇ ಕೊನೆಗೆ ಮೆಚ್ಚಬೇಕು. ಖಳ ಹಿಂದೆ ಬಿದ್ದರೆ ಕಾಟ, ನಾಯಕ ಬಿದ್ದರೆ ಹಾಡು.

ಹಳೇ ಹಿಂದಿ ಸಿನಿಮಾದ ಸ್ಮಗ್ಲರ್‌ಗೆ ರಾಬರ್ಟ್ ಅಂತಲೇ ಹೆಸರು, ಪಕ್ಕದಲ್ಲಿ ಗ್ಲಾಸು ಹಿಡಿದ ಮೋನಾ. ಕಾರವಾರದಲ್ಲಿ ಓದುವಾಗ ನಾನು ಬಾಡಿಗೆಗಿದ್ದದ್ದು ಒಬ್ಬ ಕ್ರಿಶ್ಚಿಯನ್ ಅಜ್ಜಿಯ ಮನೆಯಲ್ಲಿ. ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ, ತಡವಾದರೆ ಬೈಗುಳ. ಟೀವಿಯಲ್ಲಿ ಅಂಥ ಸಿನಿಮಾ ಬಂದರೆ "ಪಳೆ (ನೋಡು), ನಮ್ಮ ನೆಂಟರು ಬಂದರು" ಅನ್ನುತ್ತಿದ್ದಳು. ಆಗ ಬರೀ ತಮಾಷೆ ಅಂದುಕೊಂಡಿದ್ದೆ.

ಇಷ್ಟು ಹೇಳಿದ ಮೇಲೆ ಭಾವ ಹಾಕುವ ಪಟ್ಟು ಒಂದಿದೆ: ಯಕ್ಷಗಾನದಲ್ಲೂ ಹಾಗೇ ಅಲ್ವಾ? ಹೌದು. ಶೂರ್ಪನಖಿಯ ಹೆಣ್ಣುಬಣ್ಣ, ಅಂದರೆ ರಕ್ಕಸಿಯ ವೇಷ, ಕಂಡು ಅಮ್ಮನ ಸೆರಗಿನಲ್ಲಿ ಅಡಗಿದವನು ನಾನು. ರಾಮನನ್ನು ಮರುಳು ಮಾಡಲು ಹೊರಟಾಗ ಅವಳೂ ಬೆಳ್ಳಗಾಗಿಯೇ ಬರುತ್ತಾಳೆ. ಹಳೇ ರೋಗ, ಒಪ್ಪುತ್ತೇನೆ. ಆದರೆ ಅಲ್ಲಿ ಖಳನಿಗೆ ಬಾಯಿ ಇದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಕೀಚಕ ನೋಡಲು ಜನ ನಿದ್ದೆಗೆಟ್ಟು ಕೂತದ್ದು ಸುಮ್ನೆ ಅವರು ಸಾಯುವುದನ್ನು ನೋಡಲಿಕ್ಕಾ? ವೇಷ, ಕುಣಿತ ಬಿಟ್ಟು ಕೂತು ಮಾತಿನಲ್ಲೇ ಆಡುವ ತಾಳಮದ್ದಲೆಯಲ್ಲಂತೂ ಬಣ್ಣವೇ ಇಲ್ಲ. ರಾಮನೂ ಪಂಚೆ ಜುಬ್ಬ, ವಾಲಿಯೂ ಪಂಚೆ ಜುಬ್ಬ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳಿದರೆ ರಾಮ ಕೂತು ಉತ್ತರ ಹೇಳಬೇಕು. ವಾಲಿಯ ಮಾತಾಡಲು ಒಳ್ಳೇ ಅರ್ಥಧಾರಿ ಸಿಕ್ಕಿದ ರಾತ್ರಿ ವಾಲಿಯದ್ದೇ ಸರಿ ಅನ್ನಿಸಿ ಮನೆಗೆ ಬಂದದ್ದೂ ಇದೆ.

ಸಿನಿಮಾದಲ್ಲಿ ನಾನು ಹುಡುಕುವುದು ಇದನ್ನೇ. ಖಳ ಕೆಟ್ಟವನಾಗಿಯೇ ಇರಲಿ. ಯಾಕೆ ಹಾಗಾದೆ ಅಂತ ಅವನ ಬಾಯಲ್ಲೇ ಕೇಳಬೇಕು. ಆ ಮಾತು ಬರೆಯಲು ಸೋಮಾರಿತನವಾದಾಗ ಕಪ್ಪು ಮೈ, ರಾಬರ್ಟ್ ಅನ್ನುವ ಹೆಸರು, ಪರವೂರ ಉಚ್ಚಾರ ಎಲ್ಲ ಕೈಗೆ ಸುಲಭವಾಗಿ ಸಿಗುತ್ತವೆ.

ಆ ಸಿದ್ದಿ ಗೆಳೆಯ ಈಗಲೂ ಸಂಪರ್ಕದಲ್ಲಿದ್ದಾನೆ. ಹೆಗ್ಗೋಡಿನ ರಂಗಶಾಲೆ ನೀನಾಸಂನಲ್ಲಿ ಕಲಿತ, ಅವನದೇ ಸಮುದಾಯದ ನಟ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾಕ್ಕೆ ಬಂದಾಗ ಫೋನ್ ಮಾಡಿ ಖುಷಿಪಟ್ಟಿದ್ದ. ಹೋದ ತಿಂಗಳು ಮತ್ತೆ ಫೋನು. ಮಗಳ ಶಾಲೆಯಲ್ಲಿ ನಾಟಕವಂತೆ. ಅವಳಿಗೆ ಶೂರ್ಪನಖಿ.

ನನಗೆ ಸಿಟ್ಟು ಬಂತು. "ಬೇಡ ಅಂತ ಹೇಳು ಮಾಸ್ತರಿಗೆ" ಅಂದೆ.

"ಅವಳಿಗೆ ಇಷ್ಟ ಇದೆ ಮಾರಾಯ. ಆದರೆ ಮಾತೇ ಕೊಡಲಿಲ್ಲ, ಬರೀ ಜೋರಾಗಿ ನಗಬೇಕಂತೆ. ನಾಲ್ಕು ಮಾತು ನೀನು ಬರೆದುಕೊಡು."

ಬರೆಯುತ್ತಿದ್ದೇನೆ. "ಮೆಚ್ಚಿದ್ದೇನೆ ಅಂತ ಬಾಯಿಬಿಟ್ಟು ಹೇಳಿದೆ. ಒಲ್ಲೆ ಅಂದರೆ ಸಾಕಿತ್ತು, ಮೂಗು ಯಾಕೆ ಕೊಯ್ದೆ?" ಅಂತ ಅವಳು ಕೇಳುವವರೆಗೆ ಬಂದಿದೆ. ಲಕ್ಷ್ಮಣ ಏನು ಹೇಳಬೇಕು ಅಂತ ಇನ್ನೂ ಹೊಳೆದಿಲ್ಲ.