ಸೀರಿಯಲ್ ಇರುವಾಗ ನಾಟಕ ಯಾಕೆ?

ಮದುವೆಮನೆಗೆ ಹೋದರೂ, ತರಕಾರಿ ಅಂಗಡಿಯಲ್ಲಿ ನಿಂತರೂ ನನಗೆ ಎದುರಾಗುವುದು ಒಂದೇ ಪ್ರಶ್ನೆ. ನಮ್ಮ ಸೋದರತ್ತೆಯಂತೂ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. "ದಿನಾ ಟಿವಿಯಲ್ಲಿ ಬರ್ತೀಯ, ದುಡ್ಡೂ ಬರುತ್ತೆ. ಮತ್ತೆ ಆ ನಾಟಕ ಯಾಕೇ? ಸುಮ್ನೆ ಮೈ ದಣಿಸ್ಕೋತೀಯ." ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈ ಸಲ ಪೂರ್ತಿ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ನಾಟಕದಿಂದ ನನ್ನ ಮನೆ ನಡೆಯುವುದಿಲ್ಲ. ನಮ್ಮಂಥ ಹವ್ಯಾಸಿ ತಂಡ ಎರಡು ತಿಂಗಳು ತಾಲೀಮು ಮಾಡಿ ಎರಡು ಶೋ ಹೌಸ್‌ಫುಲ್ ಮಾಡಿದರೂ, ಬಾಡಿಗೆ, ಲೈಟು, ಸೆಟ್ಟು ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ತೀರಾ ಕಡಿಮೆ. ಸೀರಿಯಲ್‌ನಲ್ಲಿ ದಿನದ ಲೆಕ್ಕದಲ್ಲಿ ಸಂಭಾವನೆ. ಮಗಳ ಫೀಸು, ಅಮ್ಮನ ಔಷಧಿ ಎರಡೂ ಅದರಿಂದಲೇ. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬಂದಾಗ ರಂಗಭೂಮಿಯ ಎಷ್ಟೋ ನಟರು ಮನೆಮಾತಾದರು. ಅದನ್ನು ನೋಡಿಯೇ ನನಗೂ ಈ ಕಡೆ ಬರುವ ಧೈರ್ಯ ಬಂದಿದ್ದು. ಸೀರಿಯಲ್ ಅಂದರೆ ಕೀಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸೀರಿಯಲ್‌ನಲ್ಲಿ ಕಲಿತದ್ದೂ ಇದೆ. ನಾನು ಮೊದಲು ನಟನೆ ಕಲಿತದ್ದು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ. ಆಮೇಲೆ ಒಂದು ವರ್ಷ, ಊರೂರಿಗೆ ಹೋಗಿ ನಾಟಕ ಆಡುವ ಅವರ 'ತಿರುಗಾಟ'ಕ್ಕೆ ಹೋದೆ. 1985ರಿಂದ ನಡೆದುಕೊಂಡು ಬಂದ ಸಂಚಾರ ಅದು. ಇವತ್ತು ಒಂದು ಊರು, ನಾಳೆ ಇನ್ನೊಂದು. ಸೆಟ್ ಇಳಿಸುವುದು, ಕಟ್ಟುವುದು, ಬಣ್ಣ ಹಚ್ಚಿಕೊಳ್ಳುವುದು, ಆಡಿದ ಮೇಲೆ ಮತ್ತೆ ಎಲ್ಲ ಬಿಚ್ಚಿ ಗಾಡಿಗೆ ಹೇರುವುದು. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಮಾತು ಕೇಳಬೇಕು, ಅದೊಂದೇ ತಲೆಯಲ್ಲಿ. ಅದೇ ಎತ್ತರದ ದನಿ, ಅದೇ ಕೈಬೀಸು ಇಟ್ಟುಕೊಂಡು ಕ್ಯಾಮೆರಾ ಮುಂದೆ ನಿಂತೆ. "ಮೇಡಂ, ಜಾಸ್ತಿ ಆಯ್ತು. ಕಣ್ಣಲ್ಲೇ ಸಾಕು" ಅಂದರು ನಿರ್ದೇಶಕರು. ಎದುರಿನವರು ಮಾತಾಡುವಾಗ ಸುಮ್ಮನೆ ಕೇಳಿಸಿಕೊಳ್ಳುವುದೂ ನಟನೆ ಎಂದು ನನಗೆ ಗೊತ್ತಾದದ್ದು ಕ್ಲೋಸಪ್‌ನಲ್ಲಿ.

ಆದರೆ ಸೀರಿಯಲ್‌ನಲ್ಲಿ ಒಂದು ಸಿಗುವುದಿಲ್ಲ. ನನ್ನ ಪಾತ್ರದ ಕೊನೆ.

ಒಂದು ಎಪಿಸೋಡ್ ಎಂದರೆ ಜಾಹೀರಾತು ಬಿಟ್ಟು ಸುಮಾರು 22 ನಿಮಿಷ. ವಾರಕ್ಕೆ ಐದೋ ಆರೋ ಬೇಕು. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಎನ್ನುವ ಲೆಕ್ಕ, ಬರುತ್ತದೆ. ನಂಬರ್ ಬಿದ್ದರೆ ಕಥೆಯ ಟ್ರ್ಯಾಕೇ ಬದಲಾಗಬಹುದು. ಬರೆಯುವವರ ತಪ್ಪೇನಿಲ್ಲ, ಪಾಪ, ಅವರು ರಾತ್ರಿಯೆಲ್ಲ ಕೂತು ಬರೆದು ಕಳಿಸುತ್ತಾರೆ. ನಮಗೆ ಸೀನ್ ಪೇಪರ್ ಸಿಗುವುದು ಬೆಳಿಗ್ಗೆ, ಮೇಕಪ್ ಕುರ್ಚಿಯಲ್ಲಿ.

ಒಂದು ಸೀರಿಯಲ್‌ನಲ್ಲಿ ಎಂಟು ತಿಂಗಳು ಅಮ್ಮನಾಗಿದ್ದೆ. ಒಂದು ದಿನ ಬಂದ ಪೇಪರ್‌ನಲ್ಲಿ ದೊಡ್ಡ ಮಗಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂದಿತ್ತು. ಅದು ಅಮ್ಮನಿಗೆ ಮೊದಲಿನಿಂದಲೂ ಗೊತ್ತು ಅಂತೆ! ಎಂಟು ತಿಂಗಳು ಅವಳ ತಲೆ ಬಾಚಿದ್ದೆ, ಬೈದಿದ್ದೆ, ತುತ್ತು ಕೊಟ್ಟಿದ್ದೆ. ಆ ಗುಟ್ಟು ಗೊತ್ತಿದ್ದ ಅಮ್ಮನ ಕೈ ಅದಲ್ಲವೇ ಅಲ್ಲ. ಹಿಂದೆ ಹೋಗಿ ಸರಿಮಾಡಲು ಆಗುವುದಿಲ್ಲ, ಆ ಎಪಿಸೋಡ್‌ಗಳನ್ನೆಲ್ಲ ಜನ ನೋಡಿ ಆಗಿದೆ. ಅವತ್ತಿನ ಸೀನ್ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಆದರೆ ಮನೆಗೆ ಬಂದ ಮೇಲೆ ಬಹಳ ಹೊತ್ತು ಅಳು ಬಂತು.

ಆ ವರ್ಷವೇ ನಮ್ಮ ತಂಡ ಮಹಾಭಾರತದ ಕಥೆಯೊಂದನ್ನು ಕೈಗೆತ್ತಿಕೊಂಡಿತು. ನನಗೆ ಕುಂತಿ. ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿಗೆ ಕರ್ಣ ನಿಮ್ಮ ಅಣ್ಣ ಎಂದು ಅವಳು ಮಕ್ಕಳ ಮುಂದೆ ಬಾಯಿಬಿಡುತ್ತಾಳೆ. ಆ ಮಾತು ಕೊನೆಯ ದೃಶ್ಯದಲ್ಲಿದೆ ಎಂದು ತಾಲೀಮಿನ ಮೊದಲ ದಿನವೇ ನನಗೆ ಗೊತ್ತು. ಹಾಗಾಗಿ ನಾಟಕದ ಉದ್ದಕ್ಕೂ ಅದನ್ನು ಗಂಟಲಲ್ಲಿ ಇಟ್ಟುಕೊಂಡೇ ನಡೆಯುತ್ತೇನೆ. ಪಾಂಡವರ ತಲೆ ಸವರುವಾಗಲೂ ಅದು ಅಲ್ಲೇ ಇರುತ್ತದೆ. ಇವತ್ತಿನ ಶೋನಲ್ಲಿ ಸರಿಹೋಗದ್ದನ್ನು ನಾಳೆ ಸರಿಮಾಡಬಹುದು. ಹದಿನಾಲ್ಕನೇ ಪ್ರಯೋಗದಲ್ಲಿ ನನಗೊಂದು ಹೊಳೆಯಿತು. ಮಗುವಿನ ಪೆಟ್ಟಿಗೆಯನ್ನು ನದಿಗೆ ಬಿಟ್ಟ ಮೇಲೆ ಕೈಯನ್ನು ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಬಾರದು. ಯಾರೂ ಹೇಳಿಕೊಟ್ಟಿದ್ದಲ್ಲ. ಹದಿಮೂರು ಸಲ ಆಡಿದ್ದಕ್ಕೆ ಸಿಕ್ಕಿದ್ದು.

ನಾನು ನಾಟಕಕ್ಕೆ ಹೋಗುವುದು ಇದಕ್ಕೇ.

ಕಳೆದ ತಿಂಗಳು ಆ ಸೋದರತ್ತೆಯನ್ನು ನಮ್ಮ ನಾಟಕ ನೋಡಲು ಬೆಂಗಳೂರಿನ ರಂಗಶಂಕರ ರಂಗಮಂದಿರಕ್ಕೆ ಕರೆದೆ. ಏಳೂವರೆಗೆ ಬಾಗಿಲು ಹಾಕಿದರೆ ಆಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದಿದ್ದಕ್ಕೆ ಆರೂವರೆಗೇ ಬಂದು ಕೂತಿದ್ದರಂತೆ. ಶೋ ಮುಗಿಸಿ ಬಣ್ಣ ತೊಳೆದು ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ನಿಂತಿದ್ದರು. ಚೆನ್ನಾಗಿತ್ತು ಎಂದೇನೂ ಹೇಳಲಿಲ್ಲ. "ಪೆಟ್ಟಿಗೆ ಬಿಟ್ಟಾದ್ಮೇಲೂ ಕೈ ಯಾಕೇ ಹಾಗೇ ಚಾಚ್ಕೊಂಡಿದ್ದೆ?" ಎಂದು ಕೇಳಿದರು. ಮನೆ ಮುಟ್ಟುವವರೆಗೂ ಆಟೋದಲ್ಲಿ ಅದೇ ಮಾತಾಡಿದೆವು.